ಪೆಟ್ರೋಲ್ ಲೈನಿಗೆ ಹೊರಗಿನ ಫಿಟ್ಟಿಂಗ್ ಹಾಕಿದ ಮೇಲೆ ಸೋರಿಕೆ, ವಾಸನೆ, ಒತ್ತಡ ಕುಸಿತ: ದೋಷ ಹುಡುಕುವ ಕೈಪಿಡಿ

ಜಾಸ್ತಿ ಶಕ್ತಿಯ ಪಂಪು, ದೊಡ್ಡ ಫಿಲ್ಟರು, ಬೇರೆ ಪ್ರೆಷರ್ ರೆಗ್ಯುಲೇಟರ್ (ಒತ್ತಡವನ್ನು ಹದದಲ್ಲಿಡುವ ಭಾಗ), ಇಲ್ಲವೇ ಒತ್ತಡ ತೋರಿಸುವ ಬರೀ ಒಂದು ಗೇಜು. ಯಾವುದನ್ನೇ ಹಾಕಿ, ಕಾರಿನ ಜೊತೆ ಬಂದ ಪೆಟ್ರೋಲ್ ಲೈನನ್ನು ಎಲ್ಲೋ ಒಂದು ಕಡೆ ಬಿಚ್ಚಲೇಬೇಕು. ಅಲ್ಲಿ ಬೇರೆ ಜಾತಿಯ ಫಿಟ್ಟಿಂಗ್, ಅಂದರೆ ಪೈಪು ಜೋಡಿಸುವ ತುಂಡು, ಬಂದು ಕೂರುತ್ತದೆ. ತೊಂದರೆ ಶುರುವಾಗುವುದು ಹೆಚ್ಚಾಗಿ ಅಲ್ಲೇ.

ಹನಿ ಕಂಡ ತಕ್ಷಣ ಕೈ ಸ್ಪ್ಯಾನರ್ ಕಡೆ ಹೋಗುತ್ತದೆ. ಇನ್ನು ಕಾಲು ಸುತ್ತು ಬಿಗಿ ಮಾಡಿದರೆ ನಿಂತೀತು ಅನ್ನಿಸುತ್ತದೆ. ಕೆಲವು ಸಲ ನಿಲ್ಲುತ್ತದೆ ಕೂಡ. ಆದರೆ ಕೆಲವು ದಿನ ಓಡಿದ ಮೇಲೆ ಅದೇ ಜಾಗದಲ್ಲಿ ಮೊದಲಿಗಿಂತ ಜಾಸ್ತಿ ಸೋರುತ್ತದೆ. ಅಷ್ಟರಲ್ಲಿ ಫಿಟ್ಟಿಂಗ್ ಕೂರುವ ಮುಖವೂ ಹಾಳಾಗಿರುತ್ತದೆ. ಅದಕ್ಕೇ ಬಿಗಿ ಮಾಡುವ ಮೊದಲು ಒಂದು ಪ್ರಶ್ನೆಗೆ ಉತ್ತರ ಬೇಕು: ಈ ಜೋಡಣೆಯಲ್ಲಿ ಪೆಟ್ರೋಲನ್ನು ತಡೆಯುತ್ತಿರುವುದು ಯಾವ ಜಾಗ? ಥ್ರೆಡ್ಡೇ? ಓರೆಯಾದ ಲೋಹದ ಮುಖವೇ? ಓ-ರಿಂಗ್ ಎಂಬ ರಬ್ಬರ್ ಉಂಗುರವೇ? ವಾಷರೇ? ಹೋಸಿನ ಒಳಮೈಯೇ? ಇದಕ್ಕೆ ಉತ್ತರ ಸಿಕ್ಕಿದರೆ ಸೋರಿಕೆಯ ಕಾರಣ ಅರ್ಧ ಸಿಕ್ಕಂತೆ.

ಇದು ಯಾವ ಲೈನಿನ ಮಾತು

ಇಲ್ಲಿ ಹೇಳುವುದೆಲ್ಲ ಪೆಟ್ರೋಲ್ ಕಾರಿನ ಕಡಿಮೆ ಒತ್ತಡದ ಭಾಗಕ್ಕೆ ಮಾತ್ರ. ಕಾರ್ಬುರೇಟರ್ ಇರುವ ಹಳೆಯ ಗಾಡಿಯಲ್ಲಿ ಒತ್ತಡ ಸಾಮಾನ್ಯವಾಗಿ 4ರಿಂದ 7 ಪಿಎಸ್‌ಐ (ಒತ್ತಡದ ಅಳತೆ). ಇನ್‌ಟೇಕ್ ಮ್ಯಾನಿಫೋಲ್ಡಿಗೆ ಪೆಟ್ರೋಲ್ ಸಿಂಪಡಿಸುವ ಇಂಜೆಕ್ಷನ್ ಗಾಡಿಗಳಲ್ಲಿ 40ರಿಂದ 60 ಪಿಎಸ್‌ಐ, ಅಂದರೆ ಸುಮಾರು 3ರಿಂದ 4 ಬಾರ್. ಒಂದೇ ಫಿಟ್ಟಿಂಗ್ ಮೊದಲನೆಯದರಲ್ಲಿ ವರ್ಷಗಟ್ಟಲೆ ಒಣಗಿರಬಹುದು, ಎರಡನೆಯದರಲ್ಲಿ ಅದೇ ದಿನ ಸೋರಬಹುದು.

ನೇರವಾಗಿ ಸಿಲಿಂಡರಿಗೇ ಸಿಂಪಡಿಸುವ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಹೈ ಪ್ರೆಷರ್ ಪಂಪಿನ ಆಚೆ 200 ಬಾರ್ ದಾಟಿದ ಒತ್ತಡ ಇರಬಹುದು. ಕಾಮನ್ ರೈಲ್ ಡೀಸೆಲ್‌ನಲ್ಲಿ ಅದು ಸಾವಿರ ಬಾರ್‌ಗಳ ಲೆಕ್ಕ. ಆ ಒತ್ತಡದ ಸಣ್ಣ ಚಿಮ್ಮು ಚರ್ಮ ತೂರಿ ಒಳಗೆ ಹೋಗುತ್ತದೆ. ಆ ಭಾಗಕ್ಕೆ ಹೊರಗಿನ ಫಿಟ್ಟಿಂಗ್ ಹಾಕಲೇಬಾರದು. ಅಲ್ಲಿ ಸೋರಿಕೆ ಇದ್ದರೆ ಬೆರಳಿಟ್ಟು ಹುಡುಕಬಾರದು.

ಕೈ ಹಾಕುವ ಮೊದಲು

ಪೆಟ್ರೋಲಿನ ಫ್ಲಾಶ್ ಪಾಯಿಂಟ್ ಸುಮಾರು ಮೈನಸ್ 40 ಡಿಗ್ರಿ ಸೆಲ್ಸಿಯಸ್. ಅಂದರೆ ಎಷ್ಟೇ ಚಳಿ ಇದ್ದರೂ ಅದರ ಆವಿ ಬೆಂಕಿ ಹಿಡಿಯಲು ಸಿದ್ಧ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲಿನಷ್ಟು ಆವಿ ಸೇರಿದರೂ ಒಂದು ಕಿಡಿ ಸಾಕು. ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ದೂರದ ಮೂಲೆಯಲ್ಲಿ, ತಗ್ಗಿನಲ್ಲಿ ನಿಲ್ಲುತ್ತದೆ. ಹಾಗಾಗಿ ಕೆಲಸ ಬಯಲಲ್ಲಿ, ಇಲ್ಲವೇ ಎರಡೂ ಕಡೆ ಬಾಗಿಲು ತೆರೆದ ಜಾಗದಲ್ಲಿ ಆಗಲಿ. ಗುಂಡಿಯೊಳಗೆ ಇಳಿದು ಪೆಟ್ರೋಲ್ ಲೈನ್ ಬಿಚ್ಚುವುದು ಬೇಡವೇ ಬೇಡ. ವೈರು ನೇತಾಡುವ ಬಲ್ಬಿನ ಬದಲು ಬ್ಯಾಟರಿಯ ಎಲ್‌ಇಡಿ ದೀಪ ಬಳಸಿ. ಪುಡಿ ಅಥವಾ ನೊರೆ ಚೆಲ್ಲುವ ಬೆಂಕಿ ನಂದಿಸುವ ಸಿಲಿಂಡರ್ ಕೈಗೆಟುಕುವಂತೆ ಇರಲಿ. ಉರಿಯುವ ಪೆಟ್ರೋಲಿಗೆ ನೀರು ಸುರಿದರೆ ಬೆಂಕಿ ಹರಡುತ್ತದೆ.

ಎಂಜಿನ್ ಪೂರ್ತಿ ತಣ್ಣಗಾಗಲಿ. ಆಮೇಲೆ ಒತ್ತಡ ಇಳಿಸಬೇಕು. ಪಂಪಿನ ಫ್ಯೂಸ್ ಅಥವಾ ರಿಲೇ ತೆಗೆಯಿರಿ, ಎಂಜಿನ್ ಸ್ಟಾರ್ಟ್ ಮಾಡಿ, ತಾನಾಗಿ ನಿಲ್ಲುವ ತನಕ ಓಡಲಿ. ಮತ್ತೊಮ್ಮೆ ಕೆಲವು ಕ್ಷಣ ಸೆಲ್ಫ್ ಹೊಡೆಯಿರಿ. ಟ್ಯಾಂಕಿನ ಮುಚ್ಚಳ ತೆರೆದು ಒಳಗಿನ ಆವಿಯ ಒತ್ತಡ ಬಿಡಿ. ಕೊನೆಗೆ ಬ್ಯಾಟರಿಯ ನೆಗೆಟಿವ್ ತಂತಿ ಕಳಚಿ. ಇಷ್ಟಾದರೂ ಲೈನಿನಲ್ಲಿ ಸ್ವಲ್ಪ ಪೆಟ್ರೋಲ್ ಉಳಿದಿರುತ್ತದೆ. ಜೋಡಣೆಯ ಸುತ್ತ ದಪ್ಪ ಬಟ್ಟೆ ಸುತ್ತಿ, ಕಣ್ಣಿಗೆ ಕನ್ನಡಕ ಹಾಕಿ, ನಿಧಾನವಾಗಿ ಸಡಿಲಿಸಿ. ರಾತ್ರಿಯಿಡೀ ನಿಂತ ಗಾಡಿಯಲ್ಲಿ ಒತ್ತಡ ಇರಲಾರದು ಎಂದು ನಂಬಬೇಡಿ. ಇಂಜೆಕ್ಷನ್ ಗಾಡಿಯ ಲೈನು ಒತ್ತಡ ಹಿಡಿದಿಟ್ಟುಕೊಳ್ಳುವಂತೆಯೇ ಮಾಡಿರುತ್ತಾರೆ.

ತಡೆ ಎಲ್ಲಿದೆ

ಹೊರಗಿನ ಫಿಟ್ಟಿಂಗುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎಎನ್ ಜಾತಿ. ಇದರಲ್ಲಿ ಪೈಪಿನ ಬಾಯಿಯನ್ನು ಆಲಿಕೆಯಂತೆ ಅಗಲಿಸಿ, ಅದೇ ಕೋನದ ಇನ್ನೊಂದು ಮುಖಕ್ಕೆ ಒತ್ತಿ ಹಿಡಿಯುತ್ತಾರೆ. ಕೋನ 37 ಡಿಗ್ರಿ. ತಡೆ ಆಗುವುದು ಆ ಎರಡು ಓರೆ ಮುಖಗಳು ಕೂಡುವ ಉಂಗುರದಲ್ಲಿ. ಥ್ರೆಡ್ಡಿನ ಕೆಲಸ ಎರಡನ್ನೂ ಎಳೆದು ಹಿಡಿಯುವುದು ಮಾತ್ರ. ಹಾಗಾಗಿ ಈ ಥ್ರೆಡ್ಡಿಗೆ ಟೇಪು ಸುತ್ತಿದರೂ, ಅಂಟು ಹಚ್ಚಿದರೂ ಉಪಯೋಗ ಇಲ್ಲ. ಟೇಪಿನ ಚೂರು ಒಳಗೆ ಹೋಗಿ ಇಂಜೆಕ್ಟರ್ ಬಾಯಿಗೆ ಸಿಕ್ಕಿಹಾಕಿಕೊಂಡರೆ ಹೊಸ ದೋಷ ಶುರು.

ಕಾರುಗಳ ಲೋಹದ ಪೈಪುಗಳಲ್ಲಿ ಕಾಣುವ ಫ್ಲೇರ್, ಅಂದರೆ ಹೀಗೆ ಅಗಲಿಸಿದ ಬಾಯಿ, ಬಹಳ ಸಲ 45 ಡಿಗ್ರಿ. ಬ್ರೇಕ್ ಲೈನಿಗೆ ಬಳಸುವ ಫ್ಲೇರಿಂಗ್ ಟೂಲ್ ಕೂಡ ಸಾಮಾನ್ಯವಾಗಿ 45 ಡಿಗ್ರಿಯದೇ. ಅದರಲ್ಲಿ ಮಾಡಿದ ಬಾಯಿಯನ್ನು 37 ಡಿಗ್ರಿಯ ಎಎನ್ ಫಿಟ್ಟಿಂಗಿಗೆ ಕೂರಿಸಿದರೆ ಮುಖ ಮುಖಕ್ಕೆ ಕೂಡುವುದೇ ಇಲ್ಲ, ತೆಳುವಾದ ಒಂದು ಗೆರೆಯಲ್ಲಿ ಮಾತ್ರ ತಾಗುತ್ತದೆ. ಬಿಗಿ ಮಾಡಿದಷ್ಟೂ ಆ ಗೆರೆ ಒತ್ತಿಕೊಂಡು ಸ್ವಲ್ಪ ಹೊತ್ತು ಸೋರಿಕೆ ನಿಲ್ಲುತ್ತದೆ. ಎಂಜಿನ್ ಬಿಸಿಯಾಗಿ ತಣ್ಣಗಾದ ಮೇಲೆ ಮತ್ತೆ ಹನಿ. ‘ಬಿಗಿ ಮಾಡಿದರೆ ನಿಲ್ಲುತ್ತೆ, ಆಮೇಲೆ ಮತ್ತೆ ಸೋರುತ್ತೆ’ ಎಂಬ ದೂರು ಬಂದರೆ ನನ್ನ ಮೊದಲ ಅನುಮಾನ ಈ ಕೋನದ ಮೇಲೆಯೇ.

ಎರಡನೇ ಗೊಂದಲ ಥ್ರೆಡ್ಡಿನದು. ಎಎನ್ 6 ಅಂದರೆ ಇಂಚಿನ 16 ಪಾಲಿನಲ್ಲಿ 6, ಅಂದರೆ 3/8 ಇಂಚಿನ ಪೈಪಿಗೆ ಆಗುವಂಥದ್ದು. ಅದರ ಥ್ರೆಡ್ 9/16 ಇಂಚು, ಇಂಚಿಗೆ 18 ಸುತ್ತು. ಮಿಲಿಮೀಟರಿಗೆ ತಂದರೆ ಅಡ್ಡಳತೆ 14.29, ಸುತ್ತಿನಿಂದ ಸುತ್ತಿಗೆ 1.41. ಈಗ ಫಿಲ್ಟರು, ಪಂಪುಗಳಲ್ಲಿ ಆಗಾಗ ಸಿಗುವ ಎಂ14 ಥ್ರೆಡ್ ನೋಡಿ: ಅಡ್ಡಳತೆ 14, ಸುತ್ತಿಗೆ 1.5. ಎಷ್ಟು ಹತ್ತಿರ ಅಲ್ವಾ! ಎಂ14 ಬೋಲ್ಟು ಎಎನ್ 6ರ ನಟ್ಟಿನೊಳಗೆ ಮೊದಲ ಒಂದೆರಡು ಸುತ್ತು ಸಲೀಸಾಗಿ ಹೋಗುತ್ತದೆ, ಸ್ವಲ್ಪ ಅಲ್ಲಾಡುತ್ತದೆ, ಆಮೇಲೆ ಗಟ್ಟಿಯಾಗುತ್ತದೆ. ಆ ಗಟ್ಟಿತನವನ್ನು ‘ಬಿಗಿಯಾಯಿತು’ ಎಂದುಕೊಂಡು ಬಿಟ್ಟರೆ ಎರಡೇ ಸುತ್ತಿನ ಹಿಡಿತದ ಮೇಲೆ 4 ಬಾರ್ ಪೆಟ್ರೋಲ್ ನಿಂತಿರುತ್ತದೆ. ಸರಿಯಾದ ಥ್ರೆಡ್ ಕೊನೆಯ ತನಕ ಬೆರಳಲ್ಲೇ ತಿರುಗಬೇಕು. ನಡುವೆಯೇ ಸ್ಪ್ಯಾನರ್ ಬೇಕಾಯಿತು ಅಂದರೆ ನಿಲ್ಲಿಸಿ, ಥ್ರೆಡ್ ಗೇಜು ಮತ್ತು ಕ್ಯಾಲಿಪರ್ ಹಿಡಿದು ಅಳೆಯಿರಿ.

ಅದೇ 9/16 ಥ್ರೆಡ್ಡಿನಲ್ಲಿ ಇನ್ನೊಂದು ಜಾತಿ ಇದೆ. ರೆಗ್ಯುಲೇಟರ್, ಫಿಲ್ಟರುಗಳ ಬಾಯಿಯಲ್ಲಿ ಕಾಣುವ ಇದಕ್ಕೆ ಓ-ರಿಂಗ್ ಬಾಸ್ ಎನ್ನುತ್ತಾರೆ. ಇದರಲ್ಲಿ ತಡೆ ಮಾಡುವುದು ಥ್ರೆಡ್ಡಿನ ಬುಡದಲ್ಲಿರುವ ಓ-ರಿಂಗ್. ಅಂಥ ತೂತಿಗೆ ಓರೆ ಮುಖದ ಎಎನ್ ತುದಿಯನ್ನು ನೇರವಾಗಿ ತಿರುಗಿಸಿದರೆ ಥ್ರೆಡ್ ಚೆನ್ನಾಗಿ ಹೊಂದುತ್ತದೆ, ತಡೆ ಮಾತ್ರ ಎಲ್ಲೂ ಇಲ್ಲ. ಎಷ್ಟು ಬಿಗಿ ಮಾಡಿದರೂ ಸೋರಿಕೆ ಒಂದೇ ಸಮ ಇದ್ದರೆ ಇದನ್ನು ನೋಡಿ.

ಗೇಜು, ಸೆನ್ಸರ್‌ಗಳ ಸಣ್ಣ ತೂತುಗಳಲ್ಲಿ 1/8 ಎನ್‌ಪಿಟಿ ಸಾಮಾನ್ಯ. ಇದು ತುದಿಗೆ ಸಣ್ಣದಾಗುತ್ತ ಹೋಗುವ ಥ್ರೆಡ್, ತಡೆ ಥ್ರೆಡ್ಡಿನಲ್ಲೇ. ಇಲ್ಲಿ ಮಾತ್ರ ಪೆಟ್ರೋಲ್ ತಡೆಯುವ ಪೇಸ್ಟ್ ಬೇಕು. ಮೊದಲ ಎರಡು ಸುತ್ತು ಬಿಟ್ಟು ಹಚ್ಚಿ, ಒಳಗೆ ಬೀಳದಂತೆ. 1/8 ಬಿಎಸ್‌ಪಿ ಎಂಬ ಇನ್ನೊಂದು ಪೈಪ್ ಥ್ರೆಡ್ ಇದಕ್ಕೆ ಅವಳಿಯಂತೆ ಕಂಡರೂ ಬೇರೆ: ಇಂಚಿಗೆ ಎನ್‌ಪಿಟಿಯಲ್ಲಿ 27 ಸುತ್ತು, ಬಿಎಸ್‌ಪಿಯಲ್ಲಿ 28. ಥ್ರೆಡ್ಡಿನ ಕೋನವೂ ಬೇರೆ, 60 ಮತ್ತು 55 ಡಿಗ್ರಿ. ಅಲ್ಯೂಮಿನಿಯಂ ಫ್ಯುಯೆಲ್ ರೈಲಿಗೆ (ಇಂಜೆಕ್ಟರುಗಳಿಗೆ ಪೆಟ್ರೋಲ್ ಹಂಚುವ ಕೊಳವೆ) ತಪ್ಪು ಜಾತಿಯನ್ನು ಬಲವಂತವಾಗಿ ತಿರುಗಿಸಿದರೆ ರೈಲೇ ಬಿರುಕು ಬಿಡಬಹುದು.

ಪೆಟ್ರೋಲ್ ತನ್ನೊಳಗಿನ ತೂತಿನಲ್ಲೇ ಹಾಯುವ ಬ್ಯಾಂಜೋ ಬೋಲ್ಟಿನಲ್ಲಿ ತಡೆ ಮಾಡುವುದು ಎರಡೂ ಬದಿಯ ತಾಮ್ರದ ಅಥವಾ ಅಲ್ಯೂಮಿನಿಯಂ ವಾಷರ್. ಬಿಚ್ಚಿದಾಗೆಲ್ಲ ಹೊಸದು ಹಾಕಿ. ಒಮ್ಮೆ ಚಪ್ಪಟೆಯಾದ ವಾಷರನ್ನು ಉಳಿಸಿಕೊಂಡು ಸಾಧಿಸುವುದು ಏನೂ ಇಲ್ಲ.

ಹನಿ ಬೀಳುತ್ತಿದೆ

ಹನಿ ಬಿದ್ದ ಜಾಗವೂ ಸೋರುವ ಜಾಗವೂ ಒಂದೇ ಆಗಿರಬೇಕಿಲ್ಲ. ಪೆಟ್ರೋಲ್ ಪೈಪಿನ ಕೆಳಮೈ ಹಿಡಿದು ಹರಿದು ತಗ್ಗಿನಲ್ಲಿ ತೊಟ್ಟಿಕ್ಕುತ್ತದೆ. ಹೆಣೆದ ಉಕ್ಕಿನ ಕವಚದ ಹೋಸಾದರೆ ಇನ್ನೂ ಕಷ್ಟ. ಒಳಗಿನ ರಬ್ಬರ್ ಒಂದು ಕಡೆ ಬಿರುಕು ಬಿಟ್ಟರೆ ಪೆಟ್ರೋಲ್ ಕವಚದೊಳಗೇ ನಡೆದು ಫಿಟ್ಟಿಂಗಿನ ಬಾಯಲ್ಲಿ ಹೊರಬರುತ್ತದೆ. ನೋಡುವವರಿಗೆ ಫಿಟ್ಟಿಂಗ್ ಸೋರಿದಂತೆಯೇ ಕಾಣುತ್ತದೆ.

ಮೊದಲು ಎಲ್ಲವನ್ನೂ ಒರೆಸಿ ಒಣಗಿಸಿ. ಬ್ಯಾಟರಿ ಜೋಡಿಸಿ, ಕೀ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಬೇಡಿ. ಬಹಳಷ್ಟು ಇಂಜೆಕ್ಷನ್ ಗಾಡಿಗಳಲ್ಲಿ ಪಂಪು ಒಂದೆರಡು ಸೆಕೆಂಡು ಓಡಿ ಒತ್ತಡ ತುಂಬಿ ನಿಲ್ಲುತ್ತದೆ. ಆಫ್ ಮಾಡಿ ಮತ್ತೆ ಆನ್. ಈಗ ಪ್ರತಿ ಜೋಡಣೆಯ ಮೇಲ್ಭಾಗದಿಂದ ಶುರುಮಾಡಿ ಒಣ ಟಿಶ್ಯೂ ಕಾಗದ ತಾಗಿಸುತ್ತ ಬನ್ನಿ. ಕಣ್ಣಿಗೆ ಕಾಣದ ತೇವ ಕಾಗದದ ಮೇಲೆ ಕಲೆಯಾಗುತ್ತದೆ. ಪೆಟ್ರೋಲ್ ಬೇಗ ಆರಿಹೋಗುವುದರಿಂದ ತೀರಾ ಸಣ್ಣ ಸೋರಿಕೆ ತೇವವನ್ನೂ ಬಿಡುವುದಿಲ್ಲ. ಧೂಳು ಅಂಟಿದ ಕಂದು ಕಲೆ ಮಾತ್ರ ಉಳಿಯುತ್ತದೆ. ಅಂಥ ಕಡೆ ಟಾಲ್ಕಂ ಪೌಡರ್ ತೆಳುವಾಗಿ ಉದುರಿಸಿ ಮತ್ತೊಮ್ಮೆ ಒತ್ತಡ ತುಂಬಿಸಿದರೆ ಪೆಟ್ರೋಲ್ ಹಾದ ದಾರಿ ಕಾಣುತ್ತದೆ.

ಫ್ಲೇರ್ ಜೋಡಣೆಯೇ ಸೋರುತ್ತಿದೆ ಅಂತ ಗೊತ್ತಾದರೆ ಮತ್ತೆ ಒತ್ತಡ ಇಳಿಸಿ, ಬಿಚ್ಚಿ, ಮುಖ ನೋಡಿ. ಇದೇ ಇಡೀ ಪರೀಕ್ಷೆಯಲ್ಲಿ ಹೆಚ್ಚು ಹೇಳುವ ಹಂತ. ಓರೆ ಮುಖದ ಮೇಲೆ ಒಂದೇ ಅಗಲದ ಹೊಳೆಯುವ ಉಂಗುರ ಸುತ್ತಲೂ ಇದ್ದರೆ ಕೂರಿಕೆ ಸರಿ. ಉಂಗುರ ಒಂದು ಕಡೆ ದಪ್ಪ, ಇನ್ನೊಂದು ಕಡೆ ಮಾಯವಾಗಿದ್ದರೆ ಪೈಪು ಓರೆಯಾಗಿ ಕತ್ತರಿಸಿದೆ, ಇಲ್ಲವೇ ಪೈಪನ್ನು ಎಳೆದು ಬಲವಂತವಾಗಿ ಕೂರಿಸಿದೆ. ಸೂಜಿಯಷ್ಟು ತೆಳುವಾದ ಉಂಗುರ ಇದ್ದರೆ ಕೋನ ಬೇರೆ. ಉಂಗುರವನ್ನು ಅಡ್ಡ ದಾಟುವ ಗೀರು ಇದ್ದರೆ ಕತ್ತರಿಸಿದ ಮೇಲೆ ಅಂಚು ಸ್ವಚ್ಛ ಮಾಡಿಲ್ಲ. ಫ್ಲೇರ್ ಅಂಚಿನಲ್ಲಿ ಉದ್ದನೆಯ ಸೀಳು ಇದ್ದರೆ ಪೈಪಿನ ಲೋಹವೇ ಗಟ್ಟಿಯಾಗಿದೆ, ಇಲ್ಲವೇ ಬೆಸುಗೆ ಗೆರೆ ಇರುವ ಪೈಪು. ಕತ್ತರಿಸಿ ಹೊಸ ಫ್ಲೇರ್ ಮಾಡುವುದೊಂದೇ ದಾರಿ. ತೆಳುವಾದ ತಾಮ್ರದ ಓರೆ ವಾಷರುಗಳು ಸಿಗುತ್ತವೆ, ಗೀರು ಬಿದ್ದ ಮುಖಕ್ಕೆ ಅವು ತಾತ್ಕಾಲಿಕವಾಗಿ ನೆರವಾಗುತ್ತವೆ. ತಪ್ಪು ಕೋನವನ್ನು ಅವು ಸರಿಮಾಡುವುದಿಲ್ಲ.

ಮರುಜೋಡಣೆಯಲ್ಲಿ ಥ್ರೆಡ್ಡಿಗೆ ಮತ್ತು ನಟ್ಟಿನ ಹಿಂಬದಿಗೆ ಒಂದು ಹನಿ ತೆಳು ಎಣ್ಣೆ ಹಚ್ಚಿ. ಅಲ್ಯೂಮಿನಿಯಂ ಮೇಲೆ ಅಲ್ಯೂಮಿನಿಯಂ ಒಣದಾಗಿ ತಿರುಗಿದರೆ ಕಚ್ಚಿಕೊಳ್ಳುತ್ತದೆ. ಬೆರಳಲ್ಲಿ ಕೊನೆ ತನಕ ತಿರುಗಿಸಿ, ಆಮೇಲೆ ಎರಡು ಸ್ಪ್ಯಾನರ್ ಹಿಡಿದು ಬಿಗಿ ಮಾಡಿ: ಒಂದು ತಡೆಯಲು, ಒಂದು ತಿರುಗಿಸಲು. ಒಂದೇ ಸ್ಪ್ಯಾನರಿನಲ್ಲಿ ಬಿಗಿ ಮಾಡಿದರೆ ಪೈಪು ತಿರುಚಿಕೊಳ್ಳುತ್ತದೆ, ಆ ತಿರುಚು ದಿನ ಕಳೆದಂತೆ ನಟ್ಟನ್ನೇ ಸಡಿಲಿಸುತ್ತದೆ. ಎಷ್ಟು ಬಿಗಿ ಎನ್ನುವುದು ಫಿಟ್ಟಿಂಗ್ ತಯಾರಕರು ಕೊಟ್ಟ ಟಾರ್ಕ್ ಪ್ರಕಾರ ಇರಲಿ, ಅಲ್ಯೂಮಿನಿಯಂಗೂ ಉಕ್ಕಿಗೂ ಅದು ಬೇರೆ ಬೇರೆ. ಬಿಗಿ ಮಾಡಿ ಮುಗಿದ ಮೇಲೆ ನಟ್ಟಿನಿಂದ ಫಿಟ್ಟಿಂಗಿಗೆ ಅಡ್ಡಲಾಗಿ ಪೇಂಟ್ ಪೆನ್ನಿನಲ್ಲಿ ಒಂದು ಗೆರೆ ಎಳೆಯಿರಿ. ಮುಂದೆ ಸಡಿಲವಾದರೆ ಗೆರೆ ಒಡೆದು ಕಾಣುತ್ತದೆ.

ಕ್ವಿಕ್ ಕನೆಕ್ಟ್ ಅಡಾಪ್ಟರ್

ಈಗಿನ ಬಹಳಷ್ಟು ಕಾರುಗಳ ಲೈನಿನ ತುದಿ ಒತ್ತಿ ಕೂರಿಸುವ ಜಾತಿ. ಎಸ್‌ಎಇ ಜೆ2044 ಎಂಬ ಮಾನದಂಡದ ಪ್ರಕಾರ ಮಾಡಿರುತ್ತಾರೆ. 5/16 ಮತ್ತು 3/8 ಇಂಚಿನ ಅಳತೆಗಳು ಹೆಚ್ಚು ಬಳಕೆಯಲ್ಲಿವೆ. ಒಂದೇ ಕಾರಿನಲ್ಲಿ ಎಂಜಿನ್ನಿಗೆ ಹೋಗುವ ಲೈನು 3/8, ವಾಪಸು ಬರುವ ಲೈನು 5/16 ಇರಬಹುದು. ಹೊರಗಿನ ಅಡಾಪ್ಟರ್ ಒಂದು ಕಡೆ ಇದನ್ನು ಹಿಡಿಯುತ್ತದೆ, ಇನ್ನೊಂದು ಕಡೆ ಎಎನ್ ತುದಿ ಕೊಡುತ್ತದೆ.

ಇಲ್ಲಿ ಎರಡು ಕೆಲಸ ಎರಡು ಭಾಗಗಳದ್ದು. ತಡೆ ಓ-ರಿಂಗಿನದು, ಹಿಡಿತ ಕ್ಲಿಪ್ಪಿನದು. ಒಂದು ಸರಿ ಇದ್ದು ಇನ್ನೊಂದು ಇಲ್ಲದಿರಬಹುದು. ಅಪಾಯ ಇರುವುದೂ ಇಲ್ಲೇ. ಕ್ಲಿಪ್ ಕೂರದಿದ್ದರೂ ಓ-ರಿಂಗ್ ತಡೆಯುತ್ತಿರುತ್ತದೆ, ನಿಂತ ಗಾಡಿಯಲ್ಲಿ ಒಂದು ಹನಿಯೂ ಬರುವುದಿಲ್ಲ. ಓಡುವಾಗ ಅಲುಗಾಟಕ್ಕೆ ಜೋಡಣೆ ಜಾರಿ ಕಳಚಿಕೊಂಡರೆ ಪಂಪು ಪೂರ್ತಿ ಪೆಟ್ರೋಲನ್ನು ಬಿಸಿ ಎಂಜಿನ್ ಮೇಲೆ ಸುರಿಯುತ್ತದೆ. ಹಾಗಾಗಿ ‘ಸೋರುತ್ತಿಲ್ಲ’ ಎನ್ನುವುದು ಕ್ವಿಕ್ ಕನೆಕ್ಟ್ ವಿಷಯದಲ್ಲಿ ಸಾಕಾಗುವ ಉತ್ತರ ಅಲ್ಲ. ಒತ್ತಿದಾಗ ಕ್ಲಿಕ್ ಎಂಬ ಸದ್ದು ಬರಬೇಕು. ಆಮೇಲೆ ಕೈಯಲ್ಲಿ ಜೋರಾಗಿ ಹಿಂದಕ್ಕೆ ಎಳೆದು ನೋಡಬೇಕು. ತುದಿಯ ಉಬ್ಬಿದ ಉಂಗುರವನ್ನು ಕ್ಲಿಪ್ಪಿನ ಹಲ್ಲುಗಳು ಹಿಡಿದಿವೆಯೇ ಎಂದು ದೀಪ ಹಾಕಿ ಕಣ್ಣಾರೆ ನೋಡಬೇಕು. ಪ್ಲಾಸ್ಟಿಕ್ ಕ್ಲಿಪ್ಪಿಗಿಂತ ತಿರುಗಿಸಿ ಬಿಗಿಯುವ ಲೋಹದ ಮುಚ್ಚಳದ ಅಡಾಪ್ಟರ್ ನನಗೆ ಜಾಸ್ತಿ ನಂಬಿಕೆ ಕೊಡುತ್ತದೆ. ಎಂಜಿನ್ ಹತ್ತಿರದ ಬಿಸಿ ಜಾಗದಲ್ಲಂತೂ ಅದೇ ಇರಲಿ.

ಇದು ಸೋರಿದರೆ ಮೊದಲು ಒಳಹೋಗುವ ಲೋಹದ ತುದಿಯನ್ನು ಉಗುರಿನಿಂದ ಸವರಿ ನೋಡಿ. ತುಕ್ಕಿನ ಗುಳಿ, ಉದ್ದನೆಯ ಗೀರು ಸಿಕ್ಕಿದರೆ ಎಂಥ ಓ-ರಿಂಗ್ ಹಾಕಿದರೂ ನಿಲ್ಲುವುದಿಲ್ಲ. ತುದಿ ನಯವಾಗಿದ್ದರೆ ಓ-ರಿಂಗ್ ತೆಗೆದು ನೋಡಿ. ಒಂದು ಕಡೆ ಸೀಳಿದ್ದರೆ ಒಣದಾಗಿ ಒತ್ತಿ ಕೂರಿಸಿದ್ದಾರೆ. ಮುಂದಿನ ಸಲ ತುದಿಗೆ ಒಂದು ಹನಿ ಸ್ವಚ್ಛ ಎಂಜಿನ್ ಆಯಿಲ್ ಹಚ್ಚಿ. ಉಬ್ಬಿ ಮೆತ್ತಗಾಗಿದ್ದರೆ ರಬ್ಬರಿನ ಜಾತಿಯೇ ತಪ್ಪು. ಬ್ರೇಕ್ ಮತ್ತು ಕೂಲೆಂಟ್ ಕೆಲಸಕ್ಕೆ ಬರುವ ಇಪಿಡಿಎಂ ರಬ್ಬರ್ ಪೆಟ್ರೋಲಿನಲ್ಲಿ ಉಬ್ಬಿ ಹಾಳಾಗುತ್ತದೆ. ಎಥನಾಲ್ ಬೆರೆಸಿದ ಪೆಟ್ರೋಲಿಗೆ ಎಫ್‌ಕೆಎಂ, ಅಂದರೆ ವೈಟಾನ್ ಜಾತಿಯ ಓ-ರಿಂಗ್ ಹಾಕಿ. ಬಣ್ಣ ನೋಡಿ ರಬ್ಬರಿನ ಜಾತಿ ಹೇಳಲಾಗದು. ಕಪ್ಪು ಓ-ರಿಂಗ್ ಯಾವುದೂ ಆಗಿರಬಹುದು. ಪೊಟ್ಟಣದ ಮೇಲೆ ಬರೆದಿಲ್ಲದ ಓ-ರಿಂಗನ್ನು ಪೆಟ್ರೋಲ್ ಲೈನಿಗೆ ಹಾಕಬೇಡಿ.

ವಾಸನೆ ಇದೆ, ಹನಿ ಇಲ್ಲ

ಮೊದಲು ಹೋಸಿನ ಮೇಲಿನ ಬರಹ ಓದಿ. ಎಸ್‌ಎಇ ಜೆ30 ಆರ್7 ಎಂದಿದ್ದರೆ ಅದು ಕಡಿಮೆ ಒತ್ತಡದ, ಕಾರ್ಬುರೇಟರ್ ಕಾಲದ ಹೋಸು. ಅದರ ಕೆಲಸದ ಮಿತಿ 50 ಪಿಎಸ್‌ಐ. ಇಂಜೆಕ್ಷನ್ ಲೈನಿಗೆ ಆರ್9 ಬೇಕು. ಟ್ಯಾಂಕಿನ ಒಳಗೆ ಪೆಟ್ರೋಲಿನಲ್ಲೇ ಮುಳುಗಿರುವ ಹೋಸಿಗೆ ಆರ್10 ಬೇಕು, ಯಾಕೆಂದರೆ ಆರ್9ರ ಹೊರಮೈ ಪೆಟ್ರೋಲಿನಲ್ಲಿ ನೆನೆಯಲು ಮಾಡಿದ್ದಲ್ಲ. ಸಿಲಿಕೋನ್ ಹೋಸು ಚೆಂದ ಕಾಣುತ್ತದೆ, ಪೆಟ್ರೋಲಿಗೆ ಮಾತ್ರ ಆಗದು. ಆವಿ ಅದರ ಮೈಯಿಂದಲೇ ಹೊರಬರುತ್ತದೆ.

ರಬ್ಬರ್ ಒಳಮೈಯ ಹೆಣೆದ ಹೋಸುಗಳಲ್ಲೂ ಆವಿ ನಿಧಾನವಾಗಿ ಮೈಯಿಂದ ಹೊರಬರುತ್ತದೆ. ಮುಚ್ಚಿದ ಗ್ಯಾರೇಜಿನಲ್ಲಿ ಬೆಳಿಗ್ಗೆ ವಾಸನೆ, ಎಲ್ಲಿ ಒರೆಸಿದರೂ ಕಾಗದ ಒಣ. ಹೀಗಿದ್ದರೆ ಒಣ ಬಟ್ಟೆಯನ್ನು ಹೋಸಿಗೆ ಬಿಗಿಯಾಗಿ ಸುತ್ತಿ ಒಂದೆರಡು ಗಂಟೆ ಬಿಡಿ, ಆಮೇಲೆ ಆ ಬಟ್ಟೆಯ ವಾಸನೆ ನೋಡಿ. ಅದಕ್ಕೆ ಪರಿಹಾರ ಪಿಟಿಎಫ್‌ಇ, ಅಂದರೆ ಟೆಫ್ಲಾನ್ ಜಾತಿಯ ಒಳಮೈ ಇರುವ ಹೋಸು. ಒಳಪದರಕ್ಕೆ ಕಾರ್ಬನ್ ಸೇರಿಸಿದ, ವಿದ್ಯುತ್ ಹರಿಯಲು ಬಿಡುವ ಜಾತಿಯನ್ನೇ ತನ್ನಿ. ಹರಿಯುವ ಪೆಟ್ರೋಲಿನಿಂದ ಸ್ಥಿರ ವಿದ್ಯುತ್ ಕೂಡಿಕೊಂಡು ಸಾದಾ ಪಿಟಿಎಫ್‌ಇಯಲ್ಲಿ ಸೂಜಿಮೊನೆಯಷ್ಟು ತೂತು ಕೊರೆಯಬಹುದು. ಇನ್ನೊಂದು ಮಾತು: ಪಿಟಿಎಫ್‌ಇ ಹೋಸಿನ ತುದಿ ಫಿಟ್ಟಿಂಗ್ ಬೇರೆ, ರಬ್ಬರ್ ಹೋಸಿನದು ಬೇರೆ. ಮೊದಲನೆಯದರಲ್ಲಿ ಒಳಗೆ ಸಣ್ಣ ಲೋಹದ ಉಂಗುರ ಇರುತ್ತದೆ, ಹಿಡಿತ ಅದರಿಂದಲೇ. ಹೊರಗಿನಿಂದ ಒಂದೇ ಥರ ಕಾಣುವ ಇವನ್ನು ಅದಲುಬದಲು ಮಾಡಿದರೆ ಒತ್ತಡಕ್ಕೆ ಹೋಸು ಹಿಂದೆ ಸರಿದು ಕಳಚಿಕೊಳ್ಳುತ್ತದೆ. ಹೋಸು ಫಿಟ್ಟಿಂಗಿನೊಳಗೆ ಹೋಗುವ ಅಂಚಿನಲ್ಲಿ ಟೇಪಿನ ಗುರುತು ಹಾಕಿಡಿ. ಗುರುತು ಹೊರಗೆ ಸರಿದಿದ್ದರೆ ಆ ತುದಿಯನ್ನು ಪೂರ್ತಿ ಮತ್ತೆ ಕಟ್ಟಬೇಕು.

ವಾಸನೆ ಟ್ಯಾಂಕ್ ತುಂಬಿಸಿದ ಮೇಲೆ ಮಾತ್ರ ಬಂದರೆ ಒತ್ತಡದ ಲೈನಿನ ತಪ್ಪು ಇರಲಾರದು. ಟ್ಯಾಂಕಿನ ಆವಿ ಹೀರಿಕೊಳ್ಳುವ ಕಾರ್ಬನ್ ಡಬ್ಬಿಗೆ ಹೋಗುವ ಪೈಪನ್ನು ಕೆಲಸದ ನಡುವೆ ಕಳಚಿ ಮರೆತಿರಬಹುದು, ಇಲ್ಲವೇ ಪಂಪಿನ ಮೇಲಿನ ದೊಡ್ಡ ಸೀಲ್ ಮಡಚಿ ಕೂತಿರಬಹುದು.

ನೈಲಾನ್ ಪೈಪು ಮತ್ತು ಕ್ಲಾಂಪು

ಕಾರಿನ ಜೊತೆ ಬಂದ ಗಟ್ಟಿ ಪ್ಲಾಸ್ಟಿಕ್ ಲೈನು ನೈಲಾನ್. ಅದನ್ನು ಕತ್ತರಿಸಿ ರಬ್ಬರ್ ಹೋಸು ತೊಡಿಸಿ ಕ್ಲಾಂಪ್ ಬಿಗಿಯುವುದನ್ನು ಬಹಳ ಕಡೆ ಕಾಣುತ್ತೇವೆ. ದಯವಿಟ್ಟು ಮಾಡಬೇಡಿ. ನೈಲಾನ್ ಜಾರು, ಅದರ ಮೇಲೆ ಉಬ್ಬು ಇಲ್ಲ. ಕ್ಲಾಂಪಿನ ಒತ್ತಡಕ್ಕೆ ಪೈಪು ಒಳಗೆ ಕುಗ್ಗುತ್ತದೆ, ಹಿಡಿತ ದಿನೇ ದಿನೇ ಸಡಿಲವಾಗುತ್ತದೆ. ನೈಲಾನಿಗೆ ಅಂತಲೇ ಮಾಡಿದ ಹಲ್ಲಿರುವ ತುದಿಯನ್ನು ಪೈಪಿನೊಳಗೆ ಒತ್ತಿ ಕೂರಿಸಬೇಕು. ಒತ್ತಲು ಪೈಪು ಹಿಡಿಯುವ ಟೂಲ್ ಬೇಕು, ಬೆಂಕಿ ಮುಟ್ಟಿಸಿ ಮೆತ್ತಗೆ ಮಾಡುವಂತಿಲ್ಲ.

ಉಕ್ಕಿನ ಪೈಪನ್ನು ಕತ್ತರಿಸಿದ ಮೇಲೂ ಇದೇ ಸಮಸ್ಯೆ. ಕತ್ತರಿಸಿದ ತುದಿ ಸಪಾಟು. ಅದರ ಮೇಲೆ ಹೋಸು ನಿಲ್ಲಬೇಕಾದರೆ ತುದಿಯಲ್ಲಿ ಉಬ್ಬು ಮಾಡಲೇಬೇಕು, ಕ್ಲಾಂಪು ಆ ಉಬ್ಬಿನ ಹಿಂದೆ ಕೂರಬೇಕು. ತೂತು ತೂತಾದ ಪಟ್ಟಿಯ ಸಾದಾ ಕ್ಲಾಂಪು ರಬ್ಬರನ್ನು ಕೊಯ್ಯುತ್ತದೆ. ಅಂಚು ಮಡಚಿದ, ಒಳಮೈ ನಯವಾದ ಇಂಜೆಕ್ಷನ್ ಕ್ಲಾಂಪು ಬಳಸಿ.

ಬೆಳಿಗ್ಗೆ ಬೇಗ ಸ್ಟಾರ್ಟ್ ಆಗುತ್ತಿಲ್ಲ

ಹೊರಗೆ ಎಲ್ಲೂ ತೇವ ಇಲ್ಲ, ಆದರೆ ರಾತ್ರಿ ನಿಂತ ಗಾಡಿ ಬೆಳಿಗ್ಗೆ ತುಂಬಾ ಹೊತ್ತು ಸೆಲ್ಫ್ ಹೊಡೆಸಿಕೊಳ್ಳುತ್ತದೆ. ಕೀ ಎರಡು ಮೂರು ಸಲ ಆನ್ ಆಫ್ ಮಾಡಿ ಆಮೇಲೆ ಸ್ಟಾರ್ಟ್ ಮಾಡಿದರೆ ತಟ್ಟನೆ ಹಿಡಿಯುತ್ತದೆಯೇ? ಹಾಗಾದರೆ ಲೈನು ಒತ್ತಡ ಬಿಟ್ಟುಕೊಡುತ್ತಿದೆ.

ರೈಲಿಗೆ ಗೇಜು ಹಾಕಿ, ಒತ್ತಡ ತುಂಬಿಸಿ, ಆಫ್ ಮಾಡಿ, ಮುಳ್ಳನ್ನು ಗಮನಿಸಿ. ಎಷ್ಟು ಹೊತ್ತಿಗೆ ಎಷ್ಟು ಇಳಿಯಬಹುದು ಎನ್ನುವುದು ಆ ಕಾರಿನ ಸರ್ವಿಸ್ ಪುಸ್ತಕದಲ್ಲಿ ಇರುತ್ತದೆ. ಜಾಸ್ತಿ ಬೇಗ ಇಳಿದರೆ ಮತ್ತೆ ತುಂಬಿಸಿ, ಪಂಪಿನ ಕಡೆಯ ರಬ್ಬರ್ ಹೋಸನ್ನು ಹೋಸು ಹಿಡಿಯುವ ಇಕ್ಕಳದಿಂದ ಒತ್ತಿ ಮುಚ್ಚಿ. ಇಳಿಯುವುದು ನಿಂತರೆ ದೋಷ ಟ್ಯಾಂಕಿನ ಕಡೆ: ಪೆಟ್ರೋಲ್ ಹಿಂದಕ್ಕೆ ಹರಿಯದಂತೆ ತಡೆಯುವ ಪಂಪಿನ ಚೆಕ್ ವಾಲ್ವು, ಇಲ್ಲವೇ ಟ್ಯಾಂಕಿನೊಳಗಿನ ಹೋಸು. ನಿಲ್ಲದಿದ್ದರೆ ಅದನ್ನು ಬಿಟ್ಟು ವಾಪಸು ಲೈನನ್ನು ಒತ್ತಿ. ಈಗ ನಿಂತರೆ ರೆಗ್ಯುಲೇಟರ್. ಎರಡನ್ನೂ ಮುಚ್ಚಿದರೂ ಇಳಿದರೆ ಇಂಜೆಕ್ಟರ್ ಒಳಗೇ ಹನಿಸುತ್ತಿದೆ. ನೈಲಾನ್ ಪೈಪನ್ನೂ ಹೆಣೆದ ಹೋಸನ್ನೂ ಹೀಗೆ ಒತ್ತಬೇಡಿ, ಮಡಚಿದ ಕಡೆ ಒಡೆಯುತ್ತವೆ. ಅಂಥ ಲೈನಿದ್ದರೆ ನಡುವೆ ಒಂದು ಪೆಟ್ರೋಲ್ ವಾಲ್ವು ಜೋಡಿಸಿ ಪರೀಕ್ಷೆ ಮಾಡಿ. ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪು ಕಿತ್ತಾಗ ಒಳಗೆ ಪೆಟ್ರೋಲ್ ಕಂಡರೆ ರೆಗ್ಯುಲೇಟರಿನೊಳಗಿನ ತೆಳು ಪರದೆ, ಅಂದರೆ ಡಯಾಫ್ರಾಮ್, ಹರಿದಿದೆ, ಮುಂದೆ ಹುಡುಕುವ ಅಗತ್ಯ ಇಲ್ಲ.

ಏರು ಹತ್ತುವಾಗ ಉಸಿರುಗಟ್ಟುತ್ತದೆ

ಐಡಲ್‌ನಲ್ಲಿ ಒತ್ತಡ ಸರಿ, ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಇಳಿಯುತ್ತದೆ. ಎಲ್ಲೋ ದಾರಿ ಕಿರಿದಾಗಿದೆ. ಹೊಸ ಫಿಟ್ಟಿಂಗ್ ಹಾಕಿದ ಗಾಡಿಯಲ್ಲಿ ಮೊದಲು ಅನುಮಾನಿಸಬೇಕಾದ್ದು ಹೋಸಿನ ಒಳಗಿನ ಸಿಪ್ಪೆ. ರಬ್ಬರ್ ಹೋಸಿನೊಳಗೆ ಫಿಟ್ಟಿಂಗಿನ ತುದಿಯನ್ನು ಒಣದಾಗಿ ತಿರುಗಿಸುವಾಗ ಒಳಪದರದ ಒಂದು ಸಿಪ್ಪೆ ಎದ್ದು ದಾರಿಗೆ ಅಡ್ಡ ನಿಲ್ಲುತ್ತದೆ. ಕಡಿಮೆ ಹರಿವಿಗೆ ಬಾಗಿ ದಾರಿ ಕೊಡುತ್ತದೆ, ಜಾಸ್ತಿ ಹರಿವಿಗೆ ಮುಚ್ಚಿಕೊಳ್ಳುತ್ತದೆ. ಹೊರಗಿನಿಂದ ಏನೂ ಕಾಣದು. ಹೋಸು ಬಿಚ್ಚಿ ಒಂದು ತುದಿಯಿಂದ ದೀಪ ಹಾಯಿಸಿ ಇನ್ನೊಂದು ತುದಿಯಿಂದ ನೋಡಿ, ವೃತ್ತ ಪೂರ್ತಿ ಕಾಣಬೇಕು. ಫಿಲ್ಟರ್ ಮೇಲಿನ ಬಾಣದ ದಿಕ್ಕನ್ನೂ ಆಗಲೇ ನೋಡಿಬಿಡಿ.

ಪಂಪು ಟ್ಯಾಂಕಿನ ಹೊರಗಿದ್ದರೆ ಅದರ ಹಿಂದಿನ ಎಳೆಯುವ ಭಾಗವನ್ನು ಬೇರೆಯಾಗಿಯೇ ನೋಡಬೇಕು. ಅಲ್ಲಿನ ಜೋಡಣೆ ಸಡಿಲವಾದರೆ ಪೆಟ್ರೋಲ್ ಹೊರಗೆ ಬರುವುದಕ್ಕಿಂತ ಗಾಳಿ ಒಳಗೆ ಹೋಗುತ್ತದೆ. ಪಂಪು ಕೀರಲು ಸದ್ದು ಮಾಡುತ್ತದೆ, ಗೇಜಿನ ಮುಳ್ಳು ನಡುಗುತ್ತದೆ, ಟ್ಯಾಂಕ್ ಅರ್ಧಕ್ಕಿಂತ ಕಡಿಮೆ ಇದ್ದಾಗ ತೊಂದರೆ ಜಾಸ್ತಿ. ಬಿಸಿಗೆ ಮೆತ್ತಗಾದ ಹೋಸು ಈ ಭಾಗದಲ್ಲಿ ಒಳಕ್ಕೆ ಕುಗ್ಗಿ ಮುಚ್ಚಿಕೊಳ್ಳುವುದೂ ಉಂಟು.

ಇದಕ್ಕೆ ಉಲ್ಟಾ ದೋಷವೂ ಇದೆ. ಐಡಲ್‌ನಲ್ಲೇ ಒತ್ತಡ ಜಾಸ್ತಿ, ರೆಗ್ಯುಲೇಟರ್ ತಿರುಗಿಸಿದರೂ ಇಳಿಯುವುದಿಲ್ಲ. ದೊಡ್ಡ ಪಂಪು ತಳ್ಳುವಷ್ಟನ್ನು ಹಳೆಯ ಸಣ್ಣ ವಾಪಸು ಲೈನು ಹೊರಲಾರದು, ಅಥವಾ ಅದರಲ್ಲಿ ಹಾಕಿದ ಅಡಾಪ್ಟರಿನ ಒಳತೂತು ತೀರಾ ಕಿರಿದು. ವ್ಯಾಕ್ಯೂಮ್ ಪೈಪ್ ಇರುವ ರೆಗ್ಯುಲೇಟರಿನಲ್ಲಿ ಆ ಪೈಪನ್ನು ಐಡಲ್‌ನಲ್ಲಿ ಕಿತ್ತರೆ ಒತ್ತಡ ಸುಮಾರು ಅರ್ಧ ಬಾರ್ ಏರಬೇಕು. ಏರದಿದ್ದರೆ ರೆಗ್ಯುಲೇಟರ್ ತನ್ನ ಕೆಲಸ ಮಾಡುತ್ತಿಲ್ಲ, ಇಲ್ಲವೇ ವಾಪಸು ದಾರಿ ಕಟ್ಟಿದೆ.

ಕೊನೆಯ ಪರೀಕ್ಷೆ

ಲೈನು ಹಾದು ಹೋಗುವ ದಾರಿಯನ್ನು ಕೈ ಸವರುತ್ತ ನೋಡಿ. ಎಕ್ಸಾಸ್ಟಿನಿಂದ ದೂರ ಇರಬೇಕು, ಹೆಣೆದ ಉಕ್ಕಿನ ಹೋಸು ಯಾವ ವೈರಿಗೂ, ಪೈಪಿಗೂ ಉಜ್ಜಬಾರದು. ಆ ಹೆಣಿಗೆ ಅರದ ಥರ ಕೊರೆಯುತ್ತದೆ. ಎಂಜಿನ್ ಅಲ್ಲಾಡುತ್ತದೆ, ಬಾಡಿ ಅಲ್ಲಾಡುವುದಿಲ್ಲ. ಎರಡರ ನಡುವಿನ ಹೋಸಿಗೆ ಸ್ವಲ್ಪ ಸಡಿಲ ಬಿಟ್ಟು ರಬ್ಬರ್ ಹಾಕಿದ ಕ್ಲಿಪ್ಪಿನಿಂದ ಬಿಗಿಯಿರಿ.

ಕೀ ಆನ್ ಮಾಡಿ ಒತ್ತಡ ತುಂಬಿಸಿ, ಎಂಜಿನ್ ಸ್ಟಾರ್ಟ್ ಮಾಡದೆ ಎಲ್ಲ ಜೋಡಣೆಗೂ ಕಾಗದ ತಾಗಿಸಿ. ಒಬ್ಬರು ಕೀ ಹತ್ತಿರ, ಒಬ್ಬರು ಬೆಂಕಿ ನಂದಿಸುವ ಸಿಲಿಂಡರ್ ಹಿಡಿದು ಬಾನೆಟ್ ಹತ್ತಿರ ಇರಲಿ. ಒಣಗಿದ್ದರೆ ಮಾತ್ರ ಸ್ಟಾರ್ಟ್ ಮಾಡಿ, ಐಡಲ್‌ನಲ್ಲಿ ನೋಡಿ, ಪೂರ್ತಿ ಬಿಸಿಯಾದ ಮೇಲೆ ಮತ್ತೊಮ್ಮೆ ನೋಡಿ. ಮರುದಿನ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಮತ್ತೆ ಒತ್ತಡ ತುಂಬಿಸಿ ನೋಡಲೇಬೇಕು. ಚಳಿಗೆ ರಬ್ಬರ್ ಗಟ್ಟಿಯಾಗಿ ಕುಗ್ಗುತ್ತದೆ, ಸೋಲುವ ಓ-ರಿಂಗ್ ಆಗಲೇ ಸಿಕ್ಕಿಬೀಳುತ್ತದೆ. ವಾರ ಓಡಿಸಿದ ಮೇಲೆ ಪೇಂಟಿನ ಗೆರೆಗಳನ್ನೂ ಟೇಪಿನ ಗುರುತುಗಳನ್ನೂ ನೋಡಿ. ಯಾವುದಾದರೂ ಒಂದು ಜೋಡಣೆ ಸರಿಮಾಡಿದ ಮೇಲೂ ತೇವ ತೋರಿಸಿದರೆ ಆ ತುಂಡನ್ನು ಪೂರ್ತಿ ತೆಗೆದು, ಕಾರಿನ ಮೂಲ ಲೈನೇ ಹೊಸದು ತಂದು ಹಾಕಿ. ಅಲ್ಲಿಯ ತನಕ ಗಾಡಿ ಬಯಲಲ್ಲಿ, ಬ್ಯಾಟರಿ ಕಳಚಿ ನಿಂತಿರಲಿ.